ನಾಲ್ಕು ಚಳಿಗಾಲ, ಒಂದು ಆರ್‌ವಿ, ಜೊತೆಗೆ ಕೆಂಚ ಮತ್ತು ಚಿನ್ನಿ

ಮೊದಲು ಗಾಡಿಯ ಜಾತಕ. 2016ರ ಕ್ಲಾಸ್ ಸಿ ಆರ್‌ವಿ, ಅಂದರೆ ವ್ಯಾನಿನ ಚಾಸಿ ಮೇಲೆ ಕಟ್ಟಿದ, ಡ್ರೈವರ್ ಸೀಟಿನ ಮೇಲೂ ಹಾಸಿಗೆ ಇರುವ ಮೋಟಾರ್‌ಹೋಮ್. ಉದ್ದ 24 ಅಡಿ. ಫೋರ್ಡ್ ಇ-450 ಚಾಸಿ, ವಿ10 ಎಂಜಿನ್, ಒಂದು ಸ್ಲೈಡ್‌ಔಟ್. 2021ರ ಬೇಸಿಗೆಯಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡೆವು. ಕೋವಿಡ್ ಸಮಯ, ಎಲ್ಲರಿಗೂ ಆರ್‌ವಿ ಹುಚ್ಚು ಹಿಡಿದಿತ್ತು. 71,000 ಕೆನಡಾ ಡಾಲರ್ ಕೊಟ್ಟಿದ್ದು ಜಾಸ್ತಿಯೇ ಆಯಿತು, ಈಗ ಗೊತ್ತಾಗುತ್ತೆ. ಇಲ್ಲಿವರೆಗೆ ನಾಲ್ಕು ಚಳಿಗಾಲ ಓಡಿಸಿದ್ದೇವೆ, ಸುಮಾರು 24,000 ಕಿಲೋಮೀಟರ್.

ನಾವಿಬ್ಬರೂ ರಿಟೈರ್ ಆಗಿ ಕೆನಡಾದ ಒಂಟಾರಿಯೋದ ಮಿಸ್ಸಿಸಾಗಾದಲ್ಲಿ ಇದ್ದೇವೆ. ನವೆಂಬರ್‌ನಲ್ಲಿ ಸಂಘದ ರಾಜ್ಯೋತ್ಸವ ಮುಗಿಸಿ ಫ್ಲೋರಿಡಾಕ್ಕೆ ಹೊರಡುತ್ತೇವೆ. ಯುಗಾದಿ ಹೊತ್ತಿಗೆ ವಾಪಸ್. ಜೊತೆಗೆ 28 ಕೆಜಿ ತೂಗುವ ಕೆಂಚ ಅನ್ನೋ ನಾಯಿ, ಯಾರ ಮಾತನ್ನೂ ಕೇಳದ ಚಿನ್ನಿ ಅನ್ನೋ ಬೆಕ್ಕು. ನಮ್ಮಿಬ್ಬರಿಗಾದರೆ ವಿಮಾನ ಸಾಕಿತ್ತು. ಈ ಗಾಡಿ ಕೊಂಡಿದ್ದೇ ಅವೆರಡಕ್ಕಾಗಿ. ಹಾಗಾಗಿ ನನ್ನ ವಿಮರ್ಶೆಯೂ ಅವುಗಳ ಕಡೆಯಿಂದಲೇ.

ತೀರ್ಥಹಳ್ಳಿಯಲ್ಲಿ ನಮ್ಮಮ್ಮ ಹೇಳುತ್ತಿದ್ದರು, ನಾಯಿ ಜನರನ್ನು ನಂಬುತ್ತೆ, ಬೆಕ್ಕು ಮನೆಯನ್ನು ನಂಬುತ್ತೆ ಅಂತ. ಮೊದಲ ವರ್ಷ ಅದು ಅಕ್ಷರಶಃ ಸತ್ಯವಾಯಿತು. ಕೆಂಚನಿಗೆ ನಾವು ಇದ್ದರೆ ಸಾಕು, ಗಾಡಿ ಎಲ್ಲಿಗೆ ಹೋದರೂ ಒಂದೇ. ಚಿನ್ನಿ ಮಾತ್ರ ಗಡಿಯ ಊರು ವಿಂಡ್ಸರ್ ತಲುಪುವವರೆಗೂ ಒಂದೇ ಸಮನೆ ಕೂಗಿತು. ಆಮೇಲೆ ಊಟ ಬಿಟ್ಟಿತು.

ಆ ವರ್ಷ ಅಮೆರಿಕದ ರಸ್ತೆ ಗಡಿ ಲಸಿಕೆ ಹಾಕಿಸಿಕೊಂಡವರಿಗೆ ತೆರೆದಿದ್ದು ನವೆಂಬರ್ 8ಕ್ಕೆ. ನಾವು ತಿಂಗಳ ಕೊನೆಗೆ ಹೊರಟೆವು. ಡೆಟ್ರಾಯ್ಟ್‌ನಲ್ಲಿ ಐ-75 ಹಿಡಿದರೆ ಟೊಲೀಡೊ, ಸಿನ್ಸಿನಾಟಿ, ನಾಕ್ಸ್‌ವಿಲ್, ಅಟ್ಲಾಂಟಾ ದಾಟಿ ಟ್ಯಾಂಪಾವರೆಗೂ ಅದೇ ರಸ್ತೆ. ಮೊದಲ ರಾತ್ರಿ ಕೆಂಟಕಿಯ ಒಂದು ಟ್ರಕ್ ಸ್ಟಾಪ್‌ನಲ್ಲಿ ನಿಲ್ಲಿಸಿದೆವು. ಹೊರಗೆ ಮೈನಸ್ 9. ಪ್ರೊಪೇನ್ ತುಂಬಾ ಇದೆ, ಫರ್ನೇಸ್ ಉರಿಯುತ್ತೆ, ಇನ್ನೇನು ಚಿಂತೆ ಅಂತ ಮಲಗಿದೆವು. ಮಧ್ಯರಾತ್ರಿ ಮೂರು ಗಂಟೆಗೆ ಕೆಂಚ ಹೊದಿಕೆಯೊಳಗೆ ನುಗ್ಗಿದಾಗ ಎಚ್ಚರವಾಯಿತು. ಗ್ಯಾಸ್ ಇತ್ತು, ಬೆಂಕಿ ಇರಲಿಲ್ಲ. ಫರ್ನೇಸ್ ಬಿಸಿಗಾಳಿ ಊದಬೇಕಾದರೆ ಫ್ಯಾನ್ ತಿರುಗಬೇಕು, ಫ್ಯಾನಿಗೆ ಬ್ಯಾಟರಿ ಬೇಕು. ಹಳೇ ಲೆಡ್ ಆಸಿಡ್ ಬ್ಯಾಟರಿ ರಾತ್ರಿಯಿಡೀ ತಡೆಯಲಿಲ್ಲ. ಜನರೇಟರ್ ಹಾಕೋಣ ಅಂದರೆ ಅದೂ ಸ್ಟಾರ್ಟ್ ಆಗಲಿಲ್ಲ. ಜನರೇಟರ್ ಗಾಡಿಯ ಟ್ಯಾಂಕಿನಿಂದಲೇ ಪೆಟ್ರೋಲ್ ಕುಡಿಯುತ್ತೆ, ಆದರೆ ಟ್ಯಾಂಕ್ ಕಾಲು ಭಾಗಕ್ಕೆ ಇಳಿದರೆ ಎಳೆಯುವುದನ್ನು ನಿಲ್ಲಿಸುತ್ತೆ. ನಾವು ರಸ್ತೆಯಲ್ಲಿ ಸಿಕ್ಕಿಹಾಕಿಕೊಳ್ಳಬಾರದು ಅಂತ ಹಾಗೆ ಮಾಡಿರುತ್ತಾರೆ. ಒಳ್ಳೇ ಯೋಚನೆಯೇ, ಮೊದಲೇ ಗೊತ್ತಿದ್ದರೆ!

ಪಂಪ್ ಐವತ್ತು ಗಜ ದೂರದಲ್ಲಿತ್ತು. ಎಂಜಿನ್ ಸ್ಟಾರ್ಟ್ ಮಾಡಿ ಅಲ್ಲಿಗೆ ಹೋಗಿ ತುಂಬಿಸಿಕೊಂಡು ಬಂದೆವು. ಬೆಳಗಿನವರೆಗೆ ನಾಲ್ಕೂ ಜೀವ ಒಂದೇ ರಜಾಯಿಯೊಳಗೆ. ಚಿನ್ನಿ ಊಟ ಮಾಡಿದ್ದು ಅವತ್ತು ಬೆಳಿಗ್ಗೆ.

ಎರಡನೇ ವರ್ಷ ಲಿಥಿಯಂ ಬ್ಯಾಟರಿ ಹಾಕಿಸಿದೆವು, 200 ಆಂಪಿಯರ್ ಅವರ್. ಆದರೆ ಇದಕ್ಕೂ ಒಂದು ಗುಟ್ಟಿದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಹಳೆಯದು ಮೆಟ್ಟಿಲ ಕೆಳಗೆ ಹೊರಗಡೆ ಇತ್ತು, ಹೊಸದನ್ನು ಊಟದ ಸೀಟಿನ ಕೆಳಗೆ ಒಳಗಡೆ ಇಡಿಸಿದೆವು. ಖರ್ಚು ಮಾಡಿದ್ದರಲ್ಲಿ ಹೊಟ್ಟೆ ಉರಿಯದ ಖರ್ಚು ಇದೊಂದೇ.

ನೀರಿನ ವಿಷಯ. ಮನೆಯಿಂದ ಹೊರಡುವಾಗ ಪೈಪ್‌ಗಳಲ್ಲಿ ನೀರು ಇರಬಾರದು, ಹೆಪ್ಪುಗಟ್ಟಿ ಒಡೆಯುತ್ತವೆ. ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿಸಿಯೇ ಹೊರಡುತ್ತೇವೆ. ಜಾರ್ಜಿಯಾದ ದಕ್ಷಿಣ ಭಾಗ, ಹೆಚ್ಚುಕಡಿಮೆ ವಾಲ್ಡೋಸ್ಟಾ ಮುಟ್ಟುವವರೆಗೆ ಕ್ಯಾನಿನ ನೀರೇ ಗತಿ. ಸಾಕುಪ್ರಾಣಿ ಇರುವವರು ಒಂದು ಗಮನಿಸಿ. ಆರ್‌ವಿ ಪೈಪಿಗೆ ಹಾಕುವುದು ಪ್ರೊಪಿಲೀನ್ ಗ್ಲೈಕಾಲ್ ಇರುವುದು. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಬೇರೆ, ಅದು ಸಿಹಿ, ವಿಷ. ಒಂದೆರಡು ಚಮಚ ನೆಕ್ಕಿದರೂ ಬೆಕ್ಕಿನ ಜೀವಕ್ಕೆ ಅಪಾಯ. ಟ್ರಕ್ ಸ್ಟಾಪ್‌ಗಳಲ್ಲಿ ನೆಲದ ಮೇಲೆ ಹಸಿರು ಹನಿ ಕಂಡರೆ ಕೆಂಚನ ಹಗ್ಗ ಎಳೆದು ನಡೆಯುತ್ತೇನೆ.

ಇನ್ನು ಸ್ಲೈಡ್‌ಔಟ್. ಬಟನ್ ಒತ್ತಿದರೆ ಗೋಡೆಯೇ ಹೊರಗೆ ಹೋಗಿ ಜಾಗ ದೊಡ್ಡದಾಗುತ್ತೆ. ಮಾರುವವರು ಇದನ್ನೇ ತೋರಿಸಿ ಮನಸ್ಸು ಸೆಳೆಯುತ್ತಾರೆ. ಬೆಕ್ಕಿದ್ದರೆ ಇಡೀ ಗಾಡಿಯಲ್ಲಿ ಹೆದರಬೇಕಾದ ಭಾಗ ಅದೇ. ಸ್ಲೈಡ್ ಹೊರಗಿದ್ದಾಗ ಸೋಫಾದ ಹಿಂದೆ ಒಂದು ಸಂದು ಉಳಿಯುತ್ತೆ. ನಮಗೆ ಕೈ ಹೋಗದು, ಚಿನ್ನಿಗೆ ಮೈಯೆಲ್ಲ ಹೋಗುತ್ತೆ. ಒಂದು ಬೆಳಿಗ್ಗೆ ನಮ್ಮನೆಯವರು ಬಟನ್ ಮೇಲೆ ಬೆರಳಿಟ್ಟಿದ್ದರು. "ರೀ, ನಿಲ್ಲಿ, ಚಿನ್ನಿ ಎಲ್ಲಿ?" ಅಂದೆ. "ಮೇಲೆ ಮಲಗಿರಬೇಕು ಬಿಡೇ" ಅಂದರು. ಮೇಲೆ ಇರಲಿಲ್ಲ. ಟಾರ್ಚ್ ಹಾಕಿ ನೋಡಿದರೆ ಸಂದಿನಲ್ಲಿ ಎರಡು ಕಣ್ಣು ಹೊಳೆದವು. ಅವತ್ತಿನಿಂದ ಬೆಕ್ಕು ಬುಟ್ಟಿಯೊಳಗೆ ಹೋದ ಮೇಲೆಯೇ ಬಟನ್. ಮರುದಿನವೇ ಆ ಸಂದಿಗೆ ಫೋಮ್ ತುಂಬಿದೆವು. ಅದನ್ನೂ ಚಿನ್ನಿ ಕಿತ್ತು ಹಾಕಿದೆ ಮಾರಾಯ್ತಿ, ಎರಡು ಸಲ.

ಬೆಕ್ಕಿನ ಮರಳಿನ ಡಬ್ಬ ಶವರ್ ಜಾಗದಲ್ಲಿ ಇರುತ್ತೆ. ಸ್ನಾನ ಮಾಡುವಾಗ ಆಚೆ. ಗಟ್ಟಿಯಾಗುವ ಜೇಡಿಮರಳನ್ನು ಯಾವ ಕಾರಣಕ್ಕೂ ಗಾಡಿಯ ಟಾಯ್ಲೆಟ್‌ಗೆ ಹಾಕಬೇಡಿ, ಟ್ಯಾಂಕಿನಲ್ಲಿ ಸಿಮೆಂಟ್ ಆಗುತ್ತೆ. ಅದರ ಧೂಳು ಫರ್ನೇಸ್ ಗಾಳಿ ಎಳೆಯುವ ಜಾಗವನ್ನೂ ಮುಚ್ಚುತ್ತೆ. ನಾವು ಮರದ ಉಂಡೆಗಳಿಗೆ ಬದಲಾದೆವು. ಕೆಂಚನ ಕೂದಲಂತೂ ಕೇಳಬೇಡಿ. ಎಸಿ ಫಿಲ್ಟರ್ ಹದಿನೈದು ದಿನಕ್ಕೊಮ್ಮೆ ತೊಳೆಯದಿದ್ದರೆ ಗಾಳಿಯೇ ಬರುವುದಿಲ್ಲ. ಗಾಡಿಯ ಮೆಟ್ಟಿಲು ಜಾಲರಿಯದ್ದು, ಕೆಳಗಿನ ನೆಲ ಕಾಣುತ್ತೆ ಅಂತ ಕೆಂಚ ಹತ್ತುತ್ತಲೇ ಇರಲಿಲ್ಲ. ಹಳೇ ಕಾರ್ಪೆಟ್ ತುಂಡು ಸುತ್ತಿದ ಮೇಲೆ ಸಲೀಸಾಗಿ ಹತ್ತಿದ. 28 ಕೆಜಿ ಎತ್ತಿ ನನ್ನ ಸೊಂಟ ಹೋದ ಮೇಲೆ ಹೊಳೆದ ಉಪಾಯ ಅದು.

ಚಳಿಗಾಲದ ಪ್ರಯಾಣ ಅಂದರೆ ಚಳಿಯದ್ದೇ ಭಯ ಅಂದುಕೊಂಡಿದ್ದೆ. ನಿಜವಾದ ಭಯ ಬಿಸಿಲಿನದ್ದು. ಹೊರಗೆ ಹಿತವಾಗಿದ್ದರೂ ಮುಚ್ಚಿದ ಕಾರಿನೊಳಗೆ ಒಂದು ಗಂಟೆಯಲ್ಲಿ ಸರಾಸರಿ 40 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 22 ಡಿಗ್ರಿ ಸೆಲ್ಸಿಯಸ್) ಏರುತ್ತೆ ಅಂತ 2005ರಲ್ಲೇ ಸ್ಟ್ಯಾನ್‌ಫರ್ಡ್‌ನವರು ಅಳೆದು ತೋರಿಸಿದ್ದಾರೆ. ಅದರಲ್ಲಿ ಹೆಚ್ಚಿನ ಪಾಲು ಮೊದಲ ಅರ್ಧ ಗಂಟೆಯಲ್ಲೇ. ಆರ್‌ವಿ ಕಾರಿನಷ್ಟು ಬೇಗ ಕಾಯುವುದಿಲ್ಲ, ಆದರೆ ಕಾಯುತ್ತೆ. ಅದಕ್ಕೆ ಎಸಿ ಹಾಕಿಟ್ಟು, ಒಳಗಿನ ಉಷ್ಣತೆಯನ್ನೂ ಕರೆಂಟನ್ನೂ ನೋಡಿ ಫೋನಿಗೆ ಮೆಸೇಜ್ ಕಳಿಸುವ ಒಂದು ಮಾನಿಟರ್ ತಗೊಂಡೆವು. ಅದಕ್ಕೆ ತನ್ನದೇ ಸಿಮ್ ಇದೆ, ವೈಫೈ ಬೇಕಿಲ್ಲ. ತಿಂಗಳ ಬಾಡಿಗೆ ಇದೆ.

2023ರ ಫೆಬ್ರವರಿಯಲ್ಲಿ ಒಂದು ಭಾನುವಾರ ಅವೆರಡನ್ನೂ ಗಾಡಿಯಲ್ಲಿ ಬಿಟ್ಟು ಟ್ಯಾಂಪಾದ ದೇವಸ್ಥಾನಕ್ಕೆ ಹೋದೆವು. ಹೊರಗೆ 27 ಡಿಗ್ರಿ. ಗರ್ಭಗುಡಿ ಎದುರು ಫೋನ್ ಸೈಲೆಂಟ್, ಅದು ಸಂಸ್ಕಾರ. ಮಂಗಳಾರತಿ ತಗೊಂಡು ಹೊರಗೆ ಬಂದು ನೋಡಿದರೆ ಐದು ಮೆಸೇಜ್, ಗುರುತಿಲ್ಲದ ನಂಬರಿನಿಂದ ಮೂರು ಕರೆ. ಕರೆಂಟ್ ಹೋಗಿ ನಲವತ್ತು ನಿಮಿಷ, ಒಳಗೆ 33 ಡಿಗ್ರಿ. ಕೈಕಾಲು ತಣ್ಣಗಾಯಿತು. ಆ ನಂಬರ್ ಪಕ್ಕದ ಗಾಡಿಯ ಅಜ್ಜಂದು. ನಾಯಿ ಬೊಗಳುವುದು ಕೇಳಿ ಎದ್ದು ಬಂದಿದ್ದರು. ನಮ್ಮ ಕಿಟಕಿಗೆ ಅಂಟಿಸಿದ್ದ ಚೀಟಿ ನೋಡಿ ನಮಗೆ ಫೋನ್ ಮಾಡಿ, ನಾವು ಎತ್ತದಿದ್ದಾಗ ತಾವೇ ನಮ್ಮ ಜಾಗದ ಕರೆಂಟ್ ಕಂಬದ ಬ್ರೇಕರ್ ಮೇಲೆತ್ತಿದ್ದರು.

ತಪ್ಪು ಮಾನಿಟರಿನದ್ದಲ್ಲ, ನಮ್ಮದು. ನಮ್ಮದು 30 ಆಂಪ್ ಗಾಡಿ, ಎಲ್ಲ ಸೇರಿ ಅಷ್ಟೇ ಕರೆಂಟ್ ಎಳೆಯಬಹುದು. ಎಸಿಗೆ ಸುಮಾರು 14, ವಾಟರ್ ಹೀಟರಿನ ಕರೆಂಟ್ ಕಾಯಿಲ್‌ಗೆ 12, ಫ್ರಿಜ್‌ಗೆ ಮೂರು. ಕೂಡಿಸಿ ನೋಡಿ. ಬೆಳಿಗ್ಗೆ ಸ್ನಾನಕ್ಕೆ ಹಾಕಿದ ಹೀಟರ್ ಆರಿಸುವುದು ಮರೆತಿದ್ದೆವು. ಬ್ಯಾಟರಿ ಚಾರ್ಜರ್ ಒಂದು ಶುರುವಾದರೆ ಬ್ರೇಕರ್ ಬಿದ್ದೇ ಬೀಳುತ್ತೆ. ಈಗ ಹೊರಡುವ ಮುಂಚೆ ಹೀಟರ್ ಆಫ್, ಫ್ರಿಜ್ ಗ್ಯಾಸಿಗೆ. ದೇವಸ್ಥಾನಕ್ಕೆ ಇಬ್ಬರಲ್ಲಿ ಒಬ್ಬರ ಫೋನ್ ವೈಬ್ರೇಟ್‌ನಲ್ಲಿ, ದೇವರು ಅರ್ಥ ಮಾಡಿಕೊಳ್ಳುತ್ತಾನೆ. ಚೀಟಿ ಈಗ ದೊಡ್ಡ ಅಕ್ಷರದಲ್ಲಿದೆ.

ಜಾಗಗಳ ಬಗ್ಗೆ ಹೇಳುವುದಾದರೆ, ನಮಗೆ ಇಷ್ಟವಾದದ್ದು ಸೇಂಟ್ ಪೀಟರ್ಸ್‌ಬರ್ಗ್ ಹತ್ತಿರದ ಫೋರ್ಟ್ ಡಿ ಸೋಟೋ ಪಾರ್ಕ್. ನಾಯಿಗಳಿಗೆಂದೇ ಒಂದು ಬೀಚ್ ಇದೆ. ಫ್ಲೋರಿಡಾದ ಬಹಳಷ್ಟು ಬೀಚ್‌ಗಳಲ್ಲಿ ನಾಯಿ ಬಿಡುವುದಿಲ್ಲ, ಹಾಗಾಗಿ ಕೆಂಚನ ಪಾಲಿಗೆ ಅದು ಸ್ವರ್ಗ. ಸ್ಟೇಟ್ ಪಾರ್ಕ್‌ಗಳು ಅಗ್ಗ, ನೆರಳಿರುತ್ತೆ, ಆದರೆ ಸಿಗುವುದು ಕಷ್ಟ. 2024ರಿಂದ ಫ್ಲೋರಿಡಾದವರಿಗೆ 11 ತಿಂಗಳು ಮೊದಲೇ ಬುಕಿಂಗ್, ಹೊರಗಿನವರಿಗೆ 10 ತಿಂಗಳು. ಆ ಒಂದು ತಿಂಗಳಲ್ಲೇ ಒಳ್ಳೆಯ ಜಾಗ ಖಾಲಿ. ಉಳಿದದ್ದು ಖಾಸಗಿ ಪಾರ್ಕ್, ರಾತ್ರಿಗೆ 70-80 ಅಮೆರಿಕನ್ ಡಾಲರ್. ಕೆಲವು ಕಡೆ ಎರಡಕ್ಕಿಂತ ಜಾಸ್ತಿ ಪ್ರಾಣಿ ಬೇಡ, ಕೆಲವು ಕಡೆ ಇಂಥ ತಳಿ ಬೇಡ. ಎವರ್‌ಗ್ಲೇಡ್ಸ್‌ನಲ್ಲಿ ಕ್ಯಾಂಪ್ ಜಾಗಕ್ಕೆ ನಾಯಿ ಬರಬಹುದು, ಕಾಲುದಾರಿಗಳಿಗೆ ಬರುವಂತಿಲ್ಲ. ನಾವಿಬ್ಬರೂ ಸರದಿ ಮೇಲೆ ನೋಡಿ ಬಂದೆವು. ಮೊಸಳೆ ನೋಡುವಾಗ "ಅಲ್ನೋಡ್ರೀ" ಅನ್ನಲು ಪಕ್ಕದಲ್ಲಿ ಜನ ಇಲ್ಲದಿದ್ದರೆ ಅರ್ಧ ಮಜಾ ಇಲ್ಲ.

ಮೊಸಳೆ ಅಂದರೆ ಅಲ್ಲಿಗೇ ಸೀಮಿತವಲ್ಲ. ಫ್ಲೋರಿಡಾದಲ್ಲಿ ಸಿಹಿನೀರಿನ ಕೆರೆ ಕಂಡರೆ ಅಲಿಗೇಟರ್ ಇದೆ ಅಂತಲೇ ತಿಳಿಯಬೇಕು. ದಡದ ಹತ್ತಿರ ನಾಯಿ ಬೇಡ. ಅದಕ್ಕಿಂತ ನನಗೆ ಹೆದರಿಕೆ ಕೇನ್ ಟೋಡ್ ಅನ್ನೋ ದಪ್ಪ ಕಪ್ಪೆಯದ್ದು. ರಾತ್ರಿ ಹೊರಬರುತ್ತೆ, ನಾಯಿ ಕಚ್ಚಿದರೆ ಅದರ ಚರ್ಮದ ವಿಷ ಬಾಯಿಗೆ. ಹಾಗಾದರೆ ತಲೆ ಕೆಳಮುಖ ಮಾಡಿ, ನೀರು ಹೊರಗೆ ಹರಿಯುವಂತೆ ಬಾಯಿ ತೊಳೆಸಿ, ಡಾಕ್ಟರ ಹತ್ತಿರ ಓಡಬೇಕು. ನಮಗೆ ಆ ಸಂದರ್ಭ ಬಂದಿಲ್ಲ. ರಾತ್ರಿ ಸುತ್ತಾಟಕ್ಕೆ ಟಾರ್ಚ್ ಕಡ್ಡಾಯ. ಒಂಟಾರಿಯೋದಲ್ಲಿ ನಾಯಿಗೆ ಕೊಡುವ ಹಾರ್ಟ್‌ವರ್ಮ್ (ಸೊಳ್ಳೆಯಿಂದ ಹರಡುವ ಹೃದಯದ ಹುಳು) ಮಾತ್ರೆ ಚಳಿಗಾಲದಲ್ಲಿ ನಿಲ್ಲಿಸುವುದು ರೂಢಿ. ಫ್ಲೋರಿಡಾದಲ್ಲಿ ಸೊಳ್ಳೆಗೆ ಚಳಿಗಾಲವೇ ಇಲ್ಲ, ಪ್ರತಿ ತಿಂಗಳೂ ಕೊಡಬೇಕು.

ಕಾಗದಪತ್ರ. ಆಗಸ್ಟ್ 1, 2024ರಿಂದ ಅಮೆರಿಕಕ್ಕೆ ಬರುವ ನಾಯಿಗೆ ಮೈಕ್ರೋಚಿಪ್ ಇರಬೇಕು, ಆರು ತಿಂಗಳು ತುಂಬಿರಬೇಕು, ಸಿಡಿಸಿಯ (ಅಮೆರಿಕದ ಆರೋಗ್ಯ ಸಂಸ್ಥೆ) ಫಾರಂ ಆನ್‌ಲೈನ್‌ನಲ್ಲಿ ತುಂಬಬೇಕು. ಹತ್ತು ನಿಮಿಷದ ಕೆಲಸ. ವಾಪಸ್ ಬರುವಾಗ ಕೆನಡಾದವರು ನಾಯಿ, ಬೆಕ್ಕು ಎರಡರ ರೇಬೀಸ್ ಸರ್ಟಿಫಿಕೇಟನ್ನೂ ಕೇಳುತ್ತಾರೆ. ಮನುಷ್ಯರದ್ದು ಇನ್ನೂ ರಗಳೆ. ಓಹಿಪ್ (ಒಂಟಾರಿಯೋ ಸರ್ಕಾರದ ಆರೋಗ್ಯ ವಿಮೆ) ಉಳಿಯಬೇಕಾದರೆ ವರ್ಷದಲ್ಲಿ 212 ದಿನಕ್ಕಿಂತ ಜಾಸ್ತಿ ಹೊರಗಿರುವಂತಿಲ್ಲ. 2025ರ ಏಪ್ರಿಲ್‌ನಿಂದ ಅಮೆರಿಕದಲ್ಲಿ 30 ದಿನ ಅಥವಾ ಅದಕ್ಕಿಂತ ಜಾಸ್ತಿ ಇರುವ ಕೆನಡಾದವರು ನೋಂದಣಿಯನ್ನೂ ಮಾಡಿಸಬೇಕು. ನಾವು ಮಾರ್ಚ್ ಕೊನೆಗೇ ಬಂದುಬಿಟ್ಟಿದ್ದೆವು. ಚಿನ್ನಿಯನ್ನು ಮಾತ್ರ ಅಮೆರಿಕದ ಗಡಿಯಲ್ಲಿ ಇಲ್ಲಿಯವರೆಗೆ ಯಾರೂ ಏನೂ ಕೇಳಿಲ್ಲ.

ಓಡಿಸುವ ಅನುಭವ ಪರವಾಗಿಲ್ಲ. ನೂರು ಕಿಲೋಮೀಟರಿಗೆ 26 ಲೀಟರ್ ಕುಡಿಯುತ್ತೆ, ಹೋಗಲು ಮಾತ್ರ ಸುಮಾರು 580 ಲೀಟರ್. ಕೆಂಟಕಿ-ಟೆನೆಸ್ಸಿ ಗಡಿಯ ಜೆಲಿಕೋ ಇಳಿಜಾರು ಆಗುಂಬೆ ನೋಡಿದವರಿಗೆ ಘಾಟಿಯೇ ಅಲ್ಲ. ಆದರೆ ಹಿಂದೆ ಆರೂವರೆ ಟನ್ ತಳ್ಳುತ್ತಿರುವಾಗ ಟೋ-ಹಾಲ್ ಬಟನ್ ಒತ್ತಿ ಎಂಜಿನ್ನಿನಲ್ಲೇ ವೇಗ ತಡೆಯಬೇಕು, ಬ್ರೇಕ್ ಒಂದನ್ನೇ ನಂಬಬಾರದು. ಕೆಂಚನಿಗೆ ಬೆಲ್ಟ್, ಚಿನ್ನಿಯ ಬುಟ್ಟಿಗೂ ಬೆಲ್ಟ್.

ಬೈಯಬೇಕಾದದ್ದು ಮಾರಿದವರನ್ನು. ಮೇಲ್ಛಾವಣಿ ಹೊಸದಾಗಿ ಸೀಲ್ ಆಗಿದೆ ಅಂದಿದ್ದರು. ಎರಡನೇ ವರ್ಷ ಜಾರ್ಜಿಯಾದ ಮಳೆಯಲ್ಲಿ ಡ್ರೈವರ್ ಸೀಟಿನ ಮೇಲಿನ ಹಾಸಿಗೆ ಒದ್ದೆಯಾಯಿತು. ಗೋಡೆಯ ಪದರವೇ ಬಿಟ್ಟಿತ್ತು. ರಿಪೇರಿ 3,400 ಡಾಲರ್, ಅವರು ಫೋನ್ ಕೂಡ ಎತ್ತಲಿಲ್ಲ. ಈಗ ವರ್ಷಕ್ಕೆ ಎರಡು ಸಲ ನಮ್ಮನೆಯವರೇ ಏಣಿ ಹಾಕಿ ಹತ್ತಿ ಸೀಲೆಂಟ್ ನೋಡುತ್ತಾರೆ. ನಾನು ಏಣಿ ಹಿಡಿದು ಬೈಯುತ್ತಿರುತ್ತೇನೆ. ಕ್ಲಾಸ್ ಸಿ ಕೊಳ್ಳುವವರು ಮೊದಲು ಆ ಮೇಲಿನ ಹಾಸಿಗೆಯ ಮೂಲೆಗಳನ್ನು ಒತ್ತಿ ನೋಡಿ. ಮೆತ್ತಗಿದ್ದರೆ ಎದ್ದು ಬನ್ನಿ.

ಹಾಂ, ಒಗ್ಗರಣೆ. ಸಾಸಿವೆ ಸಿಡಿದು ಮೆಣಸಿನಕಾಯಿ ಹಾಕುವಷ್ಟರಲ್ಲಿ ಸ್ಮೋಕ್ ಅಲಾರಂ ಕೂಗುತ್ತೆ, ಚಿನ್ನಿ ಮಂಚದಡಿ ಓಡುತ್ತೆ. ಅದಕ್ಕೆ ಒಗ್ಗರಣೆ ಹೊರಗಿನ ಒಲೆಯಲ್ಲಿ. ಪಕ್ಕದ ಅಜ್ಜ ವಾಸನೆಗೇ ಬಂದು ಸಾರು ಕುಡಿದು ಹೋಗುತ್ತಿದ್ದರು.

ಲೆಕ್ಕ ಹಾಕಿದರೆ ಫ್ಲೋರಿಡಾದಲ್ಲಿ ನಾಲ್ಕು ತಿಂಗಳು ಸಣ್ಣ ಮನೆ ಬಾಡಿಗೆಗೆ ಹಿಡಿಯುವುದು ಅಗ್ಗವೇ ಇರಬಹುದು. ದುಡ್ಡು ಉಳಿಸಲು ಆರ್‌ವಿ ಕೊಳ್ಳುತ್ತೇನೆ ಅನ್ನುವವರಿಗೆ ನಾನು ಬೇಡ ಅನ್ನುತ್ತೇನೆ. ಈ ಸಲ ಆರೂ ಟೈರ್ ಬದಲಿಸಬೇಕು, ಸವೆದಿಲ್ಲ ಆದರೆ ವಯಸ್ಸಾಗಿದೆ. ಮಾರಿಬಿಡೋಣ ಅಂತ ಏಪ್ರಿಲ್‌ನಲ್ಲಿ ಮಾತು ಬಂತು. ಸ್ಟೋರೇಜಿಗೆ ಬಿಡುವ ಮುಂಚೆ ಗಾಡಿ ಎರಡು ದಿನ ಮನೆ ಮುಂದೆ ಇತ್ತು, ಸಾಮಾನು ಇಳಿಸುತ್ತಿದ್ದೆವು. ಕೆಂಚ ನಮ್ಮ ಹಿಂದೆಯೇ ಮನೆಯೊಳಗೆ ಬಂದ. ಚಿನ್ನಿಯನ್ನು ಎರಡು ಸಲ ಎತ್ತಿ ತಂದು ಒಳಗೆ ಬಿಟ್ಟೆ. ಎರಡು ಸಲವೂ ಬಾಗಿಲ ಸಂದಿಯಲ್ಲಿ ನುಸುಳಿ ವಾಪಸ್ ಹೋಗಿ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಮಲಗಿತು. ನಮ್ಮನೆಯವರು ಟೈರಿಗೆ ಅಡ್ವಾನ್ಸ್ ಕೊಟ್ಟು ಬಂದಿದ್ದಾರೆ.