ಬಿದ್ದು ಪೆಟ್ಟಾದ ಗಿಟಾರ್: ಯಾವ ಅಂಟು, ಯಾವ ನಟ್, ಯಾವ ಪಾಟ್?

ಕಲಿಯುವವರಿಗೆಂದು ಮಾಡಿದ ಅಗ್ಗದ ಎಲೆಕ್ಟ್ರಿಕ್ ಗಿಟಾರ್ ಬಿದ್ದು ಪೆಟ್ಟಾದರೆ, ರಿಪೇರಿಗೆ ಸುರಿಯುವ ದುಡ್ಡಿನಲ್ಲಿ ಹೊಸದೇ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಸರಿಯೇ. ಆದರೆ ನನ್ನ ಬಳಿ ಇರುವುದು ಅಣ್ಣ ನುಡಿಸಲು ಕಲಿತ ಗಿಟಾರ್. ಅವನ ಹೆಬ್ಬೆರಳು ಉಜ್ಜಿ ನುಣುಪಾದ ಆ ನೆಕ್, ಅಂದರೆ ಕೈಯಲ್ಲಿ ಹಿಡಿಯುವ ಉದ್ದನೆಯ ಕತ್ತು, ಹೊಸದರಲ್ಲಿ ಬರುವುದಿಲ್ಲ. ಆದ್ದರಿಂದ ಮರ ಮತ್ತು ಬಣ್ಣ ಹಳೆಯದೇ ಉಳಿಯಬೇಕು, ಉಳಿದ ಬಿಡಿಭಾಗಗಳನ್ನು ಬದಲಿಸಬಹುದು ಎಂದು ನಿರ್ಧರಿಸಿ, ಒಂದೊಂದು ಪೆಟ್ಟಿಗೂ ಎರಡು ಮೂರು ಮದ್ದು ಹಾಕಿ ನೋಡಿದೆ.

ಹೆಚ್ಚು ಹೆದರಿಸಿದ್ದು ಹೆಡ್‌ಸ್ಟಾಕ್‌ನ, ಅಂದರೆ ನೆಕ್ಕಿನ ತುದಿಯ ತಲೆಭಾಗದ, ಸೀಳು. ದಪ್ಪ ತಂತಿಯ ಟ್ಯೂನರ್ (ಶ್ರುತಿ ಮಾಡಲು ತಿರುಗಿಸುವ ಕೀಲಿ) ಕೂರುವ ತೂತಿನಿಂದ ಹೊರಟು ಮರದ ಎಳೆಯ ಗುಂಟ ಅಂಚಿನವರೆಗೆ ಓಡಿತ್ತು. ಸೂಪರ್ ಗ್ಲೂ, ಎರಡು ಟ್ಯೂಬಿನ ಎಪಾಕ್ಸಿ, ಬಡಗಿಗಳ ಹಳದಿ ಅಂಟು, ಈ ಮೂರರಲ್ಲಿ ಒಂದನ್ನು ಆರಿಸಬೇಕಿತ್ತು. ಗಿಟಾರಿಗೆ ಹಚ್ಚುವ ಮುನ್ನ ಬೇಡದ ಮರದ ಪಟ್ಟಿಗಳನ್ನು ಸೀಳಿ, ಮೂರರಿಂದಲೂ ಅಂಟಿಸಿ, ಒಂದು ದಿನ ಒಣಗಲು ಬಿಟ್ಟು ಮತ್ತೆ ಮುರಿದೆ. ಸೂಪರ್ ಗ್ಲೂ ಹಾಕಿದ ಪಟ್ಟಿ ಮೇಜಿನ ಅಂಚಿಗೆ ತಟ್ಟಿದೊಡನೆ ಅಂಟಿನ ಗೆರೆಯಲ್ಲೇ ಬಿಟ್ಟುಕೊಂಡಿತು. ಆ ಅಂಟು ಗಡಸು, ಹಠಾತ್ ಪೆಟ್ಟು ತಡೆಯದು. ಎಪಾಕ್ಸಿ ಗಟ್ಟಿಯಾಗಿಯೇ ಹಿಡಿಯಿತು, ಆದರೆ ಅದು ಮಂದ. ಕೂದಲೆಳೆಯಷ್ಟು ಸಂದಿನೊಳಗೆ ಇಳಿಯುವುದಿಲ್ಲ. ಚಕ್ಕೆ ಹಾರಿಹೋಗಿ ಜಾಗ ಖಾಲಿ ಉಳಿದಿದ್ದರೆ ಮಾತ್ರ ಅದೇ ಬೇಕು. ಹಳದಿ ಅಂಟಿನ ಪಟ್ಟಿಯಲ್ಲಿ ಅಂಟು ಬಿಡಲೇ ಇಲ್ಲ, ಪಕ್ಕದ ಮರವೇ ಸೀಳಿತು. ಅಲ್ಲಿಗೆ ನನ್ನ ಆಯ್ಕೆ ಮುಗಿಯಿತು. ಬಿಳಿ ಅಂಟೂ ಗಟ್ಟಿಯೇ, ಆದರೆ ಸದಾ ಎಳೆತವಿರುವ ಕಡೆ ನಿಧಾನವಾಗಿ ಜಾರುವ ಗುಣ ಅದಕ್ಕೆ ಹೆಚ್ಚು. ತಂತಿಯ ಮಿಡಿಯುವ ಉದ್ದ 648 ಮಿಲಿಮೀಟರ್ ಇರುವ ಗಿಟಾರಿನಲ್ಲಿ 9–42ರ (ಇಂಚಿನ ಸಾವಿರದ ಒಂದಂಶಗಳಲ್ಲಿ ತಂತಿಯ ದಪ್ಪ) ತೆಳು ತಂತಿಗಳೇ ಆದರೂ, ಶ್ರುತಿಗೆ ಬಂದಾಗ ಆರೂ ಸೇರಿ ಸುಮಾರು 38 ಕಿಲೋ ಭಾರದಷ್ಟು ಎಳೆಯುತ್ತವೆ. ಆ ಎಳೆತಕ್ಕೆ ಬಿಡುವೇ ಇಲ್ಲ.

ಟ್ಯೂನರ್ ಬಿಚ್ಚಿ, ಸೀಳಿನ ಮೇಲೆ ಅಂಟು ಹಚ್ಚಿ, ಹೆಡ್‌ಸ್ಟಾಕ್‌ನ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತುತ್ತ ಬಿಡುತ್ತ ಹೋದೆ. ಸ್ವಲ್ಪ ಹೊತ್ತಿಗೆ ಹಿಂಬದಿಯಲ್ಲಿ ಸಾಲಾಗಿ ಸಣ್ಣ ಹನಿಗಳು ಮೂಡಿದವು. ಅಂಟು ಆರಪಾರ ಹೋಗಿದೆ ಎಂಬುದಕ್ಕೆ ಅದೇ ಗುರುತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಪ್ಲಾಸ್ಟಿಕ್ ಹಾಳೆ ಇಟ್ಟು, ಕ್ಲಾಂಪ್ ಬಿಗಿದು, 24 ಗಂಟೆ ಮುಟ್ಟಲಿಲ್ಲ. ಇಲ್ಲೊಂದು ಎಚ್ಚರಿಕೆ: ಸೀಳಿಗೆ ಒಮ್ಮೆ ಸೂಪರ್ ಗ್ಲೂ ಇಳಿದರೆ ಆಮೇಲೆ ಮರದ ಅಂಟು ಅಲ್ಲಿ ಹಿಡಿಯುವುದಿಲ್ಲ. ‘ಮೊದಲು ಸುಲಭದ್ದು ನೋಡೋಣ’ ಎನ್ನುವವರು ಒಳ್ಳೆಯ ದಾರಿಯನ್ನು ತಾವೇ ಮುಚ್ಚಿದಂತೆ.

ಇನ್ನು ನಟ್, ಅಂದರೆ ತಂತಿಗಳು ಹೆಡ್‌ಸ್ಟಾಕ್‌ಗೆ ಹೋಗುವ ಮುನ್ನ ಕೂರುವ ಪಟ್ಟಿ. ಅದರಲ್ಲಿ ತಂತಿ ಕೂರುವ ಒಂದು ತೋಡಿನ ಅಂಚು ಒಡೆದು, ತಂತಿ ಮೊದಲ ಫ್ರೆಟ್ಟಿಗೆ (ನೆಕ್ಕಿಗೆ ಅಡ್ಡವಾಗಿ ಕೂರಿಸಿದ ಲೋಹದ ಗೆರೆಗೆ) ತಗಲಿ ಝರ್ ಎನ್ನುತ್ತಿತ್ತು. ಮೊದಲು ಅಡಿಗೆ ಸೋಡಾ ಪ್ರಯೋಗ: ತೋಡಿಗೆ ಸೋಡಾ ತುಂಬಿ, ಮೇಲೆ ತೆಳು ಸೂಪರ್ ಗ್ಲೂ ಹನಿಸಿದರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಸಣ್ಣ ಅರದಿಂದ ತೋಡನ್ನು ಮತ್ತೆ ಕೊರೆಯಬೇಕು. ಖರ್ಚು ಇಲ್ಲವೆಂದೇ ಹೇಳಬಹುದು, ಝರ್ ಕೂಡ ನಿಂತಿತು. ಆದರೆ ತುಂಬಿದ ಜಾಗ ತರಿತರಿ. ಶ್ರುತಿ ಮಾಡುವಾಗ ತಂತಿ ಅಲ್ಲಿ ಕಚ್ಚಿಕೊಂಡು, ಟಿಣ್ ಎಂದು ಹಾರಿ, ಸ್ವರ ತಪ್ಪುತ್ತಿತ್ತು. ಪೆನ್ಸಿಲ್ ಸೀಸ ಉಜ್ಜಿದರೆ ಸ್ವಲ್ಪ ಕಾಲ ತೆಪ್ಪಗಿರುತ್ತದೆ, ಮತ್ತೆ ಅದೇ ಕಥೆ.

ಆಮೇಲೆ ತೋಡು ಕೊರೆದೇ ಬರುವ ಮೂಳೆಯ ನಟ್ ತರಿಸಿದೆ. ಕೊಳ್ಳುವಾಗ ಅಗಲವನ್ನಷ್ಟೇ ಅಲ್ಲ, ತಳ ಚಪ್ಪಟೆಯೋ ಬಾಗಿದ್ದೋ ಎಂಬುದನ್ನೂ ನೋಡಬೇಕು. ಹಳೆಯ ನಟ್ಟಿನ ಅಂಚಿನ ಸುತ್ತ ಚಾಕುವಿನಿಂದ ಗೆರೆ ಎಳೆದುಕೊಂಡೆ. ಹಾಗೆ ಮಾಡದಿದ್ದರೆ ಅದರೊಂದಿಗೆ ಮೆರುಗೆಣ್ಣೆಯೂ ಕಿತ್ತು ಬರುತ್ತದೆ. ಹೊಸದರ ತಳವನ್ನು ಉಪ್ಪುಕಾಗದದ ಮೇಲೆ ಉಜ್ಜುತ್ತ ಎತ್ತರ ಇಳಿಸಿದೆ. ಅಳತೆ ನೋಡಲು ಉಪಕರಣ ಬೇಕಿಲ್ಲ: ತಂತಿಯನ್ನು ಎರಡನೆಯ ಮತ್ತು ಮೂರನೆಯ ಫ್ರೆಟ್ಟುಗಳ ನಡುವೆ ಒತ್ತಿದಾಗ ಮೊದಲ ಫ್ರೆಟ್ಟಿನ ಮೇಲೆ ಕೂದಲೆಳೆಯಷ್ಟು ಸಂದು ಕಂಡರೆ ಸರಿ. ತಾಳ್ಮೆ ಬೇಡುವ ಕೆಲಸ, ಆದರೆ ಇಡೀ ರಿಪೇರಿಯಲ್ಲಿ ಗಿಟಾರಿನ ನಡತೆಯನ್ನೇ ಬದಲಿಸಿದ್ದು ಇದೊಂದು. ಸೋಡಾವನ್ನು ನಾನು ತುರ್ತಿಗೆ ಮಾತ್ರ ಒಪ್ಪುತ್ತೇನೆ.

ವಾಲ್ಯೂಮ್ ಪಾಟ್, ಅಂದರೆ ಸದ್ದು ಏರಿಳಿಸುವ ಗುಬ್ಬಿಯ ಕೆಳಗಿನ ವಿದ್ಯುತ್ ಬಿಡಿಭಾಗ, ತಿರುಗಿಸಿದರೆ ಕರಕರ ಸದ್ದು. ಹೊಸ ಪಾಟ್ ಕೊಳ್ಳುವ ಮೊದಲು ಕಾಂಟ್ಯಾಕ್ಟ್ ಕ್ಲೀನರ್ (ವಿದ್ಯುತ್ ಸಂಪರ್ಕಗಳ ಕೊಳೆ ತೆಗೆಯುವ ಸಿಂಪಡಣೆ) ಹಾಕಿ ನೋಡಲೇಬೇಕು. ಅದರಲ್ಲಿ ಜಾರುವಿಕೆಗೆ ಎಣ್ಣೆಯಂಶ ಇರುವ ಬಗೆಯೇ ಪಾಟಿಗೆ ಒಳ್ಳೆಯದು. ಪಾಟಿನ ಪೆಟ್ಟಿಗೆಯ ಸಂದಿನೊಳಗೆ ಸಿಂಪಡಿಸಿ ಎರಡೂ ಕಡೆಗೆ ಹತ್ತಾರು ಸಲ ತಿರುಗಿಸಿದೆ, ಸದ್ದು ಹೋಯಿತು. ಟೋನ್ ಪಾಟ್ ಮಾತ್ರ ಒಂದೇ ಜಾಗದಲ್ಲಿ ಕರಕರ ಉಳಿಸಿಕೊಂಡಿತು. ಹಾಗಾದರೆ ಒಳಗಿನ ಪಟ್ಟಿ ಸವೆದಿದೆ ಎಂದರ್ಥ, ಬದಲಿಸಲೇಬೇಕು. ಹೊಸದನ್ನು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ನೋಡಿ ಆರಿಸಬೇಕು: ಒಂದೇ ಸುರುಳಿಯ ಸಿಂಗಲ್ ಕಾಯಿಲ್‌ಗೆ ಸಾಮಾನ್ಯವಾಗಿ 250 ಕಿಲೋ ಓಮ್, ಎರಡು ಸುರುಳಿಯ ಹಂಬಕರ್‌ಗೆ 500. ಎಲ್ಲ ಪಾಟ್‌ಗಳೂ ವೈರ್‌ಗಳೂ ಜೋಡಿಸಿಯೇ ಬರುವ ಸಿದ್ಧ ಸೆಟ್ ಆಕರ್ಷಕವಾಗಿ ಕಾಣುತ್ತದೆ. ಒಂದು ಪಾಟ್ ಕೆಟ್ಟಿದ್ದಕ್ಕೆ ಅದು ದುಂದು.

ಜಾಕ್, ಅಂದರೆ ಕೇಬಲ್ ಸಿಕ್ಕಿಸುವ ತೂತು, ಅದರ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಒಳಗಿನ ತಗಡಿನ ನಾಲಗೆಯನ್ನು ಬಗ್ಗಿಸಿದರೆ ಕೆಲವು ದಿನ ಸರಿಯಿದ್ದು ಮತ್ತೆ ಶಬ್ದ ಕಡಿದುಹೋಗುತ್ತದೆ. ಒಳ್ಳೆಯ ಲೋಹದ ಜಾಕ್ ತಂದು ಎರಡು ವೈರ್ ಬೆಸೆಯಿರಿ.

ಹೆಗಲ ಪಟ್ಟಿ ಸಿಕ್ಕಿಸುವ ಗುಂಡಿಯ ಸ್ಕ್ರೂ ತೂತು ಅಗಲವಾಗಿತ್ತು. ಹಲ್ಲುಕಡ್ಡಿಗಳಿಗೆ ಮರದ ಅಂಟು ಹಚ್ಚಿ ತುಂಬಿ, ಒಣಗಿದ ಮೇಲೆ ಸ್ಕ್ರೂ ಹಾಕಿದರೆ ಸಾಕು. ನೆಕ್ಕಿನ ಸ್ಕ್ರೂ ತೂತುಗಳು ಹಾಗಾಗಿದ್ದರೆ ಮಾತ್ರ ಗಟ್ಟಿ ಮರದ ಗೂಟವನ್ನೇ ಬಡಿದು ಹೊಸದಾಗಿ ಕೊರೆಯುವುದು ಲೇಸು.

ಬಣ್ಣ ಎದ್ದ ಜಾಗಕ್ಕೆ ಹೊಂದುವ ಉಗುರುಬಣ್ಣವನ್ನು ಹಚ್ಚಿ ನೋಡಿ ಅಳಿಸಿದೆ; ಗಾಯಕ್ಕಿಂತ ತೇಪೆಯೇ ಎದ್ದು ಕಾಣುತ್ತಿತ್ತು. ಅಂಚಿನ ಚಕ್ಕೆಗಳು ಮುಂದೆ ಏಳದಂತೆ ತೆಳು ಸೂಪರ್ ಗ್ಲೂವನ್ನು ಸೂಜಿಮೊನೆಯಿಂದ ಹರಿಸಿ ಬಿಟ್ಟೆ. ಅಗ್ಗದ ಗಿಟಾರುಗಳ ದಪ್ಪ ಪಾಲಿಯೆಸ್ಟರ್ ಲೇಪಕ್ಕೆ ಅದರಿಂದ ತೊಂದರೆಯಿಲ್ಲ. ನೈಟ್ರೋಸೆಲ್ಯುಲೋಸ್ ಲೇಪವಿದ್ದರೆ ಅದನ್ನು ಮೆತ್ತಗಾಗಿಸಿ ಕೆಡಿಸಬಹುದು. ಗಿಟಾರಿಗೆ ಯಾವ ಲೇಪವೆಂದು ಖಚಿತವಿಲ್ಲದಿದ್ದರೆ ಕಾಣದ ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟು ನೋಡಿಕೊಂಡೇ ಮುಂದುವರಿಯಿರಿ.