280 ರೂಪಾಯಿಯ ಕಿಸೆ ಮೈಕ್ರೋಸ್ಕೋಪೂ ಅತ್ತೆಯ ಬೆಂಡೋಲೆಯೂ

ಮಗಳ ಶಾಲೆಯ ಶಾಸ್ತ್ರಮೇಳಕ್ಕೆ, ಅಂದರೆ ವಿಜ್ಞಾನ ಮೇಳಕ್ಕೆಂದು ತರಿಸಿದ್ದು. ಆನ್‌ಲೈನಿನಲ್ಲಿ 280 ರೂಪಾಯಿ, ಬದಿಯಡ್ಕಕ್ಕೆ ಬರಲು ಆರು ದಿನ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡ ಕಪ್ಪು ಪ್ಲಾಸ್ಟಿಕ್. ಒಂದು ಬಿಳಿ ಲೈಟ್, ಕಳ್ಳನೋಟು ನೋಡಲಿಕ್ಕೆ ಒಂದು ನೇರಳೆ ಲೈಟ್. ಪೆಟ್ಟಿಗೆಯ ಮೇಲೆ 60 ಪಟ್ಟು ಎಂದಿದೆ. ಸ್ಕೇಲ್ ಇಟ್ಟು ನೋಡಿದೆ, ಅರ್ಧ ಇದ್ದರೆ ಪುಣ್ಯ. ಫೋಕಸ್ ಚಕ್ರ ಸಡಿಲ. ಇಷ್ಟೇ ಆಗಿದ್ದರೆ ಎರಡು ಸ್ಟಾರ್ ಕೊಟ್ಟು ಮುಗಿಸುತ್ತಿದ್ದೆ.

ಮೊದಲು ತೋಟದಲ್ಲಿ ಬಿದ್ದಿದ್ದ ನವಿಲುಗರಿ. (ಈಗ ನಮ್ಮಲ್ಲಿ ನವಿಲಿನ ಕಾಟ ಮಂಗನದ್ದಕ್ಕಿಂತ ಜಾಸ್ತಿ, ಅದು ಬೇರೆ ಮಾತು.) ಬಿಳಿ ಲೈಟಿನಲ್ಲಿ ಒಂದೊಂದು ಎಳೆಯೂ ಮಣಿ ಪೋಣಿಸಿದ ಹಾಗೆ ಹೊಳೆಯುತ್ತದೆ. ಅದೇ ಗರಿಯನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದರೆ ನೀಲಿ, ಹಸಿರು ಎಲ್ಲ ಮಾಯ, ಬರೀ ಕಂದು! ಗರಿಯಲ್ಲಿ ನೀಲಿ ವಸ್ತುವೇ ಇಲ್ಲ. ಇರುವುದು ನಮ್ಮ ಕೂದಲಲ್ಲಿರುವ ಮೆಲನಿನ್. ಅದರ ಸಣ್ಣ ಕಡ್ಡಿಗಳು ಅಳತೆ ಮಾಡಿಟ್ಟ ಹಾಗೆ ಸಾಲುಗಟ್ಟಿವೆ. ಸಾಲುಗಳ ಅಂತರ ಚೂರು ಬದಲಾದರೆ ಚಿಮ್ಮುವ ಬಣ್ಣವೂ ಬದಲು. ಆ ಅಂತರ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದೆರಡು ಪಾಲು. ಈ ಆಟಿಕೆ ಬಿಡಿ, ಕಾಲೇಜಿನ ಮೈಕ್ರೋಸ್ಕೋಪಿಗೂ ಅದು ಕಾಣದು.

ಆಮೇಲೆ ಬಾವಿಕಟ್ಟೆಯ ಮುರಕಲ್ಲು (ಜಂಬಿಟ್ಟಿಗೆ). ಬರಿಗಣ್ಣಿಗೆ ಕೆಂಪು, ಲೆನ್ಸಿನ ಕೆಳಗೆ ಕೆಂಪೂ ಹಳದಿಯೂ ಕಲಸಿಕೊಂಡಿದೆ. ಎರಡೂ ಕಬ್ಬಿಣದ ತುಕ್ಕೇ. ಕೆಂಪು ಹೆಮಟೈಟ್, ಹಳದಿ ಗೋಥೈಟ್. ಹಳದಿಯದರಲ್ಲಿ ನೀರಿನ ಅಂಶ ಸೇರಿಕೊಂಡಿರುತ್ತದೆ. ಅದನ್ನು ಕೆರೆದು ಹಳೇ ಸೌಟಿನಲ್ಲಿ ಹಾಕಿ ಕೆಂಡದ ಮೇಲಿಟ್ಟೆವು. ನೀರು ಹೋಯಿತು, ಪುಡಿ ಇಟ್ಟಿಗೆ ಕೆಂಪಾಯಿತು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು. ನಮ್ಮ ಮಾಡಿನ ಹೆಂಚಿನ ಕೆಂಪೂ ಗೂಡಿನಲ್ಲಿ ಬೆಂದ ಕಬ್ಬಿಣದ್ದೇ. ಶಾಸ್ತ್ರಮೇಳಕ್ಕೆ ಮಗಳು ಕೊಂಡೊಯ್ದದ್ದು ಈ ಸೌಟನ್ನೇ.

ನೇರಳೆ ಲೈಟನ್ನು ಸುಮ್ನೆ ಅತ್ತೆಯ ಏಳು ಮಾಣಿಕ್ಯದ ಕಲ್ಲಿನ ಬೆಂಡೋಲೆಗೆ ಹಿಡಿದದ್ದು ನನ್ನ ತಪ್ಪು. ಒಂದು ಓಲೆಯ ಏಳೂ ಕಲ್ಲು ಕೆಂಡದ ಹಾಗೆ ಹೊತ್ತಿಕೊಂಡವು. ಇನ್ನೊಂದರಲ್ಲಿ ಆರು. ಏಳನೆಯದು ಕತ್ತಲೆ.

ಮಾಣಿಕ್ಯ ಎಂದರೆ ಅಲ್ಯೂಮಿನಿಯಂ ಆಕ್ಸೈಡ್, ಶುದ್ಧವಾಗಿದ್ದರೆ ಬಣ್ಣವೇ ಇಲ್ಲ. ಸ್ವಲ್ಪ ಕ್ರೋಮಿಯಂ ಸೇರಿದರೆ ಕೆಂಪು. ಅದು ಹಸಿರು, ನೇರಳೆ ಬೆಳಕನ್ನು ನುಂಗುತ್ತದೆ, ನುಂಗಿದ್ದರಲ್ಲಿ ಒಂದಿಷ್ಟನ್ನು ಕೆಂಪಾಗಿಸಿ ಉಗುಳುತ್ತದೆ. ಪಚ್ಚೆಯ ಹಸಿರಿಗೂ ಅದೇ ಕ್ರೋಮಿಯಂ ಕಾರಣ, ಕೂತ ಮನೆ ಬೇರೆ ಅಷ್ಟೇ. ಹಾಗೆಂದು ಹೊತ್ತಿಕೊಂಡದ್ದೆಲ್ಲ ಗಣಿಯ ಕಲ್ಲು ಎಂದುಕೊಳ್ಳಬೇಡಿ. ಫ್ರಾನ್ಸಿನ ವೆರ್ನೂಯಿ 1902ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಜ್ವಾಲೆಯಲ್ಲಿ ಕರಗಿಸಿ ಮಾಡುವ ಮಾಣಿಕ್ಯವೂ ಜೋರಾಗಿ ಹೊಳೆಯುತ್ತದೆ. ಕಬ್ಬಿಣ ಜಾಸ್ತಿ ಇರುವ ಅಸಲಿ ಕಲ್ಲು ಮಂಕಾಗಿರುವುದೂ ಉಂಟು. ಹಾಗಾಗಿ ಲೈಟೊಂದನ್ನೇ ನಂಬಲಿಲ್ಲ, ಲೆನ್ಸ್ ಇಟ್ಟೆ. ಆ ಏಳನೆಯದರೊಳಗೆ ಸೋಡಾ ಬಾಟಲಿಯ ಹಾಗೆ ಉರುಟು ಗುಳ್ಳೆಗಳು. ಗಾಜು. ಯಾವುದೋ ರಿಪೇರಿಯಲ್ಲಿ ಬದಲಾಗಿರಬೇಕು.

"ಮೂವತ್ತು ವರ್ಷ ಯಾರಿಗೂ ಗೊತ್ತಾಗಲಿಲ್ಲ, ನಿನಗೆ ಯಾಕೆ ಬೇಕಿತ್ತು?" ಎಂದರು ಅತ್ತೆ. ಎರಡು ದಿನ ಮಾತು ಕಮ್ಮಿ. ಮೂರನೇ ದಿನ ತಾವೇ ಮೂಗುಬೊಟ್ಟು ಬಿಚ್ಚಿ ತಂದು, "ಇದನ್ನೂ ನೋಡು" ಎಂದರು.

ತೆಗೆದುಕೊಳ್ಳುವವರಿಗೆ: ಮೂರು ಬಟನ್ ಸೆಲ್ ಬೇಕು, ಜೊತೆಗೆ ಬಂದದ್ದು ಎರಡೇ ವಾರಕ್ಕೆ ಮುಗಿಯಿತು. ನೇರಳೆ ಲೈಟನ್ನು ಮಕ್ಕಳ ಕಣ್ಣಿಗೆ ಹಿಡಿಯಬೇಡಿ. ನಾಲ್ಕು ಸ್ಟಾರ್. ಒಂದು ಕಡಿಮೆಯಾದದ್ದು ಆ ಸಡಿಲ ಚಕ್ರಕ್ಕೆ.