ಎರೆಹುಳುವೋ, ತಂಗಳು ಮುದ್ದೆಯೋ?

ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ಹೊಳೆಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯದ ಹಿನ್ನೀರಿನಲ್ಲಿ ಗಾಳ ಹಾಕುವವರಲ್ಲಿ ಎರಡು ಪಂಗಡ. ಒಂದು ಪಂಗಡ ಎರೆಹುಳು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಇನ್ನೊಂದರ ಟಿಫನ್ ಡಬ್ಬಿಯಲ್ಲಿ ರಾತ್ರಿ ಉಳಿದ ರಾಗಿ ಮುದ್ದೆ. ನಾನು ಚಿಕ್ಕಂದಿನಿಂದ ಹುಳುವಿನ ಕಡೆಯವನು. ಈ ಸಲ ಎರಡನ್ನೂ ಪಕ್ಕಪಕ್ಕ ಹಾಕಿ ನೋಡಿದೆ. ಎರಡು ಬಿದಿರು ಗಳ, ಒಂದೇ ತಂಗೂಸಿ ದಾರ, ಒಂದೇ ಅಳತೆಯ ಗಾಳ, ಮೀನು ಮುಟ್ಟಿದ್ದು ಗೊತ್ತಾಗಲು ನೀರಿನ ಮೇಲೆ ತೇಲುವ ಜೋಳದ ದಂಟಿನ ಬೆಂಡು. ನಾಲ್ಕು ಭಾನುವಾರ, ಬೆಳಿಗ್ಗೆ 6ರಿಂದ 10. ಮೀನಿನ ಗುತ್ತಿಗೆ ಹಿಡಿದವರನ್ನು ಕೇಳಿಯೇ ಕೂತೆ.

ಹುಳುವಿಗೆ ಕಾಯಬೇಕಾಗಿಲ್ಲ. ಹಾಕಿದ ಎರಡೇ ನಿಮಿಷಕ್ಕೆ ಬೆಂಡು ತಟತಟ ಕುಣಿಯುತ್ತದೆ. ಬರುವುದು ಮಾತ್ರ ಹೆಚ್ಚಾಗಿ ಅಂಗೈ ಅಗಲದ ಜಿಲೇಬಿ ಮೀನು (ತಿಲಾಪಿಯಾ). ಅರ್ಧ ಸಲ ಪುಡಿಮೀನುಗಳು ಹುಳುವಿನ ಬಾಲ ಕಿತ್ತುಕೊಂಡು ಹೋಗಿರುತ್ತವೆ. ಒಂದು ಜಿಲೇಬಿಯ ಬಾಯಿಂದ ಗಾಳ ಬಿಡಿಸುವಾಗ ಸಾಸಿವೆಯಷ್ಟು ಸಣ್ಣ ಹಳದಿ ಮೊಟ್ಟೆಗಳು ಅಂಗೈ ಮೇಲೆ ಸುರಿದವು. ತಾಯಿ ಜಿಲೇಬಿ ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಆ ದಿನಗಳಲ್ಲಿ ಅದು ಮೇಯುವುದೇ ಅಪರೂಪ. ಹೇಗೋ ಹುಳುವಿಗೆ ಸೋತಿತ್ತು. ಹೊಟ್ಟೆಯೊಳಗೆ ಚುರ್ ಅಂದಿತು. ಮೊಟ್ಟೆ ಸಮೇತ ನೀರಿಗೆ ಬಿಟ್ಟೆ.

ಇನ್ನು ಮುದ್ದೆ. ಮೊದಲ ದಿನ ಹಸಿ ರಾಗಿ ಹಿಟ್ಟು ಕಲಸಿ ಹಾಕಿ ಕೆಟ್ಟೆ. ರಾಗಿಗೆ ಮೈದಾದ ಅಂಟು ಇಲ್ಲ ಅಲ್ವಾ, ನೀರಿಗೆ ಬಿದ್ದೊಡನೆ ಕರಗಿತು. ಬೇಯಿಸಿದ ಮುದ್ದೆ ರಾತ್ರಿ ಕಳೆದರೆ ಗಟ್ಟಿಯಾಗುತ್ತದೆ. ಅದಕ್ಕೆ ಸ್ವಲ್ಪ ಕಡಲೆಕಾಯಿ ಹಿಂಡಿ ಸೇರಿಸಿ ನಾದಿ, ಕಡಲೆ ಬೀಜದಷ್ಟು ಉಂಡೆ ಕಟ್ಟಿದೆ. ಗಂಟೆಗಟ್ಟಲೆ ಏನೂ ಇಲ್ಲ. ಆಮೇಲೆ ಬೆಂಡು ಮುಳುಗಲಿಲ್ಲ, ಮೆಲ್ಲಗೆ ಮೇಲೆದ್ದು ಅಡ್ಡ ಮಲಗಿತು! ತಳದಲ್ಲಿ ಗೆಂಡೆ ಮೀನು ಉಂಡೆ ಎತ್ತಿದಾಗ ದಾರಕ್ಕೆ ಕಟ್ಟಿದ ಗುಂಡಿನ ಭಾರವೂ ಜೊತೆಗೆ ಏಳುತ್ತದೆ, ಅದಕ್ಕೇ ಹೀಗೆ. ಮುಳುಗಲಿ ಅಂತ ಕಾದಿದ್ದರೆ ಅದು ಉಗಿದು ಹೋಗಿರುತ್ತಿತ್ತು. ಎಳೆದೆ. ಗಳ ಬಿಲ್ಲಿನಂತೆ ಬಾಗಿತು. ಒಂದೂವರೆ ಕಿಲೋ ತೂಗಿತು.

ಮೂರನೇ ವಾರ ಲೆಕ್ಕ ತಲೆಕೆಳಗಾಯಿತು. ಹಿಂದಿನ ರಾತ್ರಿ ಜೋರು ಮಳೆ, ಶಿಂಷೆಯಲ್ಲಿ ಕೆಂಪು ನೀರು. ಮುದ್ದೆಯನ್ನು ಒಂದೂ ಮೂಸಲಿಲ್ಲ. ಮಳೆಗೆ ಹುಳು ಹೇಗೂ ಕೊಚ್ಚಿಕೊಂಡು ಬರುತ್ತವೆ, ಮೀನು ಅದನ್ನೇ ಹುಡುಕುತ್ತಿರುತ್ತದೆ ಅಂತ ನನ್ನ ಅಂದಾಜು. ಹುಳುವಿಗೆ ಒಂದು ಕೊರವ ಮೀನು ಬಂತು, ಗಂಟೆ ಕಳೆದರೂ ಚೀಲದಲ್ಲಿ ಒದ್ದಾಡುತ್ತಿತ್ತು. ಅದು ಗಾಳಿಯನ್ನೂ ಉಸಿರಾಡುವ ಜಾತಿ.

ಇಂಥ ದಿನಗಳಲ್ಲಿ ಕಟ್ಟೆಯ ಕೆಳಗಿನ ಹೊಳೆಯಲ್ಲಿ ದಯವಿಟ್ಟು ಕೂರಬೇಡಿ. ಇಲ್ಲಿರುವುದು ಸೈಫನ್. ಜಲಾಶಯ ತುಂಬಿದರೆ ಯಾರೂ ಗೇಟು ಎತ್ತಬೇಕಿಲ್ಲ, ನೀರು ತಾನೇ ಹೊರಬೀಳುತ್ತದೆ. ಹೇಳದೆ ಕೇಳದೆ ಹೊಳೆ ಏರುತ್ತದೆ.

ನಾಲ್ಕು ವಾರಕ್ಕೆ ಹುಳುವಿಗೆ 31, ಮುದ್ದೆಗೆ 7. ತೂಕದಲ್ಲಿ ಮುದ್ದೆಯದೇ ಜಾಸ್ತಿ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಹುಳುವೇ ಸರಿ, ಬೆಂಡು ಕುಣಿಯದಿದ್ದರೆ ಅವರು ಕೂರುವುದಿಲ್ಲ. ನೀರು ತಿಳಿಯಾಗಿದ್ದು ನಾನೊಬ್ಬನೇ ಹೋದರೆ, ಇನ್ನು ಮುದ್ದೆಯೇ.

ಕಟ್ಲ ಮೀನು ಎರಡಕ್ಕೂ ಬರಲಿಲ್ಲ. ಅದರ ಬಾಯಿ ಮೇಲ್ಮುಖ, ಮೇವು ಮೇಲಿನ ನೀರಿನಲ್ಲಿ. ನನ್ನ ಉಂಡೆ ಎರಡು ಮೊಳ ಕೆಳಗೆ ತಳದಲ್ಲಿ ಕೂತಿತ್ತು.